ದೋವ ಹಿಡಿಯದ ಗರಗಸ

ಕಾದ ರಬ್ಬರಿನ ವಾಸನೆಗೆ ಹಸಿ ನೀಲಗಿರಿಯ ಘಾಟು ಸೇರಿದರೆ ಅದು ನನಗೆ ತವರಿನ ವಾಸನೆ. ಬೇರೆಯವರಿಗೆ ತವರೆಂದರೆ ಮಲ್ಲಿಗೆಯೋ ತುಪ್ಪವೋ ನೆನಪಾಗುತ್ತದಂತೆ. ಇರಲಿ, ಅವರ ಪುಣ್ಯ. ಗೌನಿಪಲ್ಲಿಯಲ್ಲಿ ರಸ್ತೆಗೆ ಮುಖ ಮಾಡಿದ್ದ ನಮ್ಮ ಮನೆಯ ಹಿತ್ತಲಲ್ಲಿ ಒಂದು ತಗಡಿನ ಷೆಡ್ಡಿತ್ತು. ಅದರೊಳಗೆ ಅಪ್ಪನ ಗರಗಸದ ಯಂತ್ರ, ಬ್ಯಾಂಡ್ ಸಾ: ಮೇಲೊಂದು ಕೆಳಗೊಂದು ಚಕ್ರ, ಚಕ್ರಗಳ ಅಂಚಿಗೆ ರಬ್ಬರಿನ ಪಟ್ಟಿ, ಎರಡನ್ನೂ ಬಳಸಿಕೊಂಡು ಓಡುವ ಹಲ್ಲಿನ ಬ್ಲೇಡು. ಮಾವಿನ ಕಾಲ ಬಂತೆಂದರೆ ಅದು ಬೆಳಗಿನಿಂದ ಸಂಜೆಯವರೆಗೂ ಹಣ್ಣಿನ ಪೆಟ್ಟಿಗೆಗೆ ಹಲಗೆ ಸೀಳುತ್ತಿತ್ತು. ಹೊಟ್ಟು ನನ್ನ ಜಡೆಯಲ್ಲಿ, ಹಾಸಿಗೆಯಲ್ಲಿ, ಮೊಸರನ್ನದ ತಟ್ಟೆಯಲ್ಲಿ. ಅಂಗಳದ ತುಂಬ ಪೇರಿಸಿದ ಖಾಲಿ ಪೆಟ್ಟಿಗೆಗಳ ಸಂದಿಯಲ್ಲಿ ನಾನೂ ತಮ್ಮ ಮಂಜುವೂ ಬಚ್ಚಿಟ್ಟುಕೊಂಡರೆ ಊಟದ ಹೊತ್ತಿಗೂ ಸಿಗುತ್ತಿರಲಿಲ್ಲ.

ಯಂತ್ರ ಅಪ್ಪನದಾದರೂ ಅದರ ನಾಡಿ ಗೊತ್ತಿದ್ದದ್ದು ಅಪ್ಪನ ಅಕ್ಕನಿಗೆ, ನಮ್ಮ ಅತ್ತೆಗೆ. ಗಂಡ ತೀರಿಕೊಂಡ ಮೇಲೆ ಆಂಧ್ರದ ಕಡೆಯಿಂದ ಬಂದು ನಮ್ಮೊಡನೆ ಉಳಿದವಳು. ತೆಲುಗಿನಲ್ಲಿ ಬೈದು ಕನ್ನಡದಲ್ಲಿ ಸಮಾಧಾನ ಮಾಡುವವಳು. ಬ್ಲೇಡು ಚಕ್ರದ ನಡುವಿನಲ್ಲೇ ಓಡಬೇಕು, ಅಂಚಿಗೆ ಸರಿದರೆ ಕಳಚಿ ಬೀಳುತ್ತದೆ. ಹಾಗೆ ನಡುವಿನಲ್ಲಿ ಓಡುವುದಕ್ಕೆ ಅತ್ತೆ 'ದೋವ' ಅನ್ನುತ್ತಿದ್ದಳು. ತೆಲುಗಿನಲ್ಲಿ ದೋವ ಅಂದರೆ ದಾರಿ. ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಿದ್ದವಳು ಸದ್ದು ಬದಲಾದದ್ದು ಕೇಳಿ, "ದೋವ ಬಿಡ್ತು ಕಣೋ, ನಿಲ್ಸು!" ಎಂದು ಅಲ್ಲಿಂದಲೇ ಕೂಗುವಳು. ಆಮೇಲೆ ಕೈಯೊರೆಸಿಕೊಂಡು ಬಂದು, ಕರೆಂಟು ತೆಗೆಸಿ, ಬ್ಲೇಡು ಅಲುಗದಂತೆ ಎರಡೂ ಪಕ್ಕ ಹಿಡಿದಿಡುವ ಗೈಡುಗಳನ್ನು ದೂರ ಸರಿಸಿ, ಮೇಲಿನ ಚಕ್ರವನ್ನು ಕೈಯಲ್ಲೇ ತಿರುಗಿಸುತ್ತ, ಅದನ್ನು ವಾಲಿಸುವ ಹಿಂಬದಿಯ ತಿರುಪನ್ನು ತುಸುತುಸುವೇ ತಿರುವುವಳು. ಅಪ್ಪನಿಗೆ ಸದಾ ಆತುರ. "ಅಕ್ಕಾ, ಲಾರಿ ಬರೋ ಹೊತ್ತಾಯ್ತು" ಅಂದರೆ, "ಬರ್ಲಿ ಬಿಡೋ. ಕೈಗೆ ದೋವ ಹಿಡೀದೇ ಇರೋದು ಕರೆಂಟಿಗೆ ಹಿಡಿಯತ್ತಾ?" ಅನ್ನುವಳು. ಪಕ್ಕದಲ್ಲಿ ನಿಂತು ನೋಡಿ ನೋಡಿ ನಾನೂ ಕಲಿತೆ.

ಆಯುಧಪೂಜೆಯ ದಿನ ಎಲ್ಲರೂ ಯಂತ್ರದ ಹಣೆಗೆ, ಅಂದರೆ ಮೇಲಿನ ಮುಚ್ಚಳಕ್ಕೆ, ಕುಂಕುಮ ಇಡುತ್ತಾರೆ. ಅತ್ತೆಗೆ ಅದು ಒಪ್ಪಿಗೆಯಿಲ್ಲ. "ದುಡಿಯೋ ಜಾಗಕ್ಕೆ ಬೊಟ್ಟು ಇಡ್ಬೇಕು, ಮೈಗಲ್ಲ" ಎಂದು ಮುಚ್ಚಳ ತೆಗೆಸಿ ಚಕ್ರದ ರಬ್ಬರಿನ ಮೇಲೇ ಇಡಿಸುತ್ತಿದ್ದಳು. ಕುಂಕುಮ ಉದುರಬಾರದೆಂದು ಹರಳೆಣ್ಣೆಯಲ್ಲಿ ಕಲಸಿದ್ದು. ಅದನ್ನು ಒರೆಸುವ ಹಾಗಿಲ್ಲ, ತಾನಾಗಿ ಹೋಗಬೇಕು. ಮಾರನೆಯ ದಿನ ಬ್ಲೇಡು ಓಡಿ ಓಡಿ ಸಂಜೆಯೊಳಗೆ ಅದು ಮಾಯವಾಗಿರುತ್ತಿತ್ತು. ಅತ್ತೆ ತೀರಿಕೊಂಡ ಮೇಲೂ ಅಪ್ಪ ಆ ಪದ್ಧತಿ ಬಿಡಲಿಲ್ಲ.

ನಿಮ್ಮೂರಲ್ಲೂ ಹೀಗೇ ಆಗಿರಬಹುದು: ಹಣ್ಣಿನ ಮಂಡಿಗೆ ಪ್ಲಾಸ್ಟಿಕ್ ಕ್ರೇಟು ಬಂತು, ಮರದ ಪೆಟ್ಟಿಗೆ ಕೇಳುವವರಿಲ್ಲದಾಯಿತು. ಅಪ್ಪನೂ ಹೋದ. ರಸ್ತೆ ಅಗಲವಾಗಿ ಮನೆಯನ್ನು ನುಂಗಿತು. ಹಿಂದಿನ ಷೆಡ್ಡು, ಷೆಡ್ಡಿನೊಳಗಿನ ಗರಗಸ ಮಾತ್ರ ಉಳಿದವು. ಈ ಬೇಸಿಗೆಯಲ್ಲಿ ಮಂಜು ಫೋನು ಮಾಡಿ, "ಗುಜರಿಯೋನು ನಾಳೆ ಬರ್ತಾನಕ್ಕ. ಅದು ನಡೆಯೋ ಹಾಗಿದ್ರೆ ನೀನೇ ಇಟ್ಕೋ, ಇಲ್ಲಾಂದ್ರೆ ಕೊಟ್ಬಿಡ್ತೀನಿ" ಅಂದ. ಅತ್ತೆ ಒರಗುತ್ತಿದ್ದ ಕಂಬವಿಲ್ಲ, ಒಲೆಯಿಲ್ಲ, ಅಂಗಳವಿಲ್ಲ. ಇದನ್ನೂ ತೂಕಕ್ಕೆ ಹಾಕಲು ನಾನು ಬಿಡುವವಳಲ್ಲ ಎಂದು ಬೆಳಗಿನ ಮೊದಲ ಬಸ್ಸಿಗೇ ಹೊರಟೆ.

ಹೊಸ ಬ್ಲೇಡು ಹಾಕಿ ಬಿಗಿ ಮಾಡಿದೆ. ಗೈಡು ಸರಿಸಿದೆ. ಚಕ್ರವನ್ನು ಕೈಯಲ್ಲಿ ತಿರುಗಿಸುತ್ತ ತಿರುಪು ತಿರುವಿದೆ. ಬ್ಲೇಡು ನಡುವಿಗೆ ಬರುತ್ತಿತ್ತು, ಇನ್ನೇನು ನಿಂತಿತು ಅನ್ನುವಾಗ ತಟಕ್ಕನೆ ಅಂಚಿಗೆ ಹಾರುತ್ತಿತ್ತು. ಮತ್ತೆ ತಿರುವಿದೆ, ಮತ್ತೆ ಹಾರಿತು. "ಬಿಡಕ್ಕ, ಅದ್ರ ಕಾಲ ಮುಗೀತು" ಅಂದ ಮಂಜು. "ಸುಮ್ನಿರೋ" ಎಂದು ಗದರಿದೆ. ಚಕ್ರ ವಾಲಿದ್ದೇ ಕಾರಣವಾಗಿದ್ದರೆ ಬ್ಲೇಡು ನಿಧಾನವಾಗಿ ಜಾರಬೇಕಿತ್ತು. ಇದು ಸುತ್ತಿಗೊಮ್ಮೆ ಒಂದೇ ಜಾಗದಲ್ಲಿ ಎಗರುತ್ತಿತ್ತು. ಬ್ಲೇಡು ಕಳಚಿ ರಬ್ಬರಿನ ಮೇಲೆ ಬೆರಳಾಡಿಸಿದೆ. ಒಂದು ಕಡೆ ಗಟ್ಟಿಯಾದ ಗಂಟು ಸಿಕ್ಕಿತು. ಧೂಳು ಒರೆಸಿದರೆ ಕೆಂಪು. ಪೆಟ್ಟಿಗೆ ಕೆಲಸ ನಿಂತ ಮೇಲೂ ಅಪ್ಪ ವರ್ಷ ವರ್ಷ ಅಲ್ಲೇ ಬೊಟ್ಟು ಇಟ್ಟಿದ್ದ. ಸವೆಸಲು ಬ್ಲೇಡು ಓಡಿರಲಿಲ್ಲ, ಒರೆಸಲು ಅವನಿಗೆ ಮನಸ್ಸಿರಲಿಲ್ಲ. ಮೇಲಿನ ಪದರದಲ್ಲಿ ಅವನ ಉಂಗುರ ಬೆರಳಿನ ಗೆರೆಗಳು ಹಾಗೇ ಇದ್ದವು.

ಹಳೇ ಚಾಕು ಕೈಗೆತ್ತಿಕೊಂಡೆ. ಮಂಜು ಗಾಬರಿಯಾದ. "ಅಪ್ಪ ಇಟ್ಟಿದ್ದು ಕಣಕ್ಕ ಅದು. ಕೆರೀತೀಯಾ?"

"ಇಡೀ ಮಿಷಿನ್ನು ಗುಜರಿಗೆ ಹಾಕೋಕೆ ಹೊರಟೋನು ನೀನು!"

"ಅದು ಬೇರೆ, ಇದು ಬೇರೆ" ಅಂದ. ಅವನ ದನಿ ಒಡೆದಿತ್ತು. ಅಪ್ಪನ ಬೆರಳಿನ ಗುರುತು ಬೇಕೆಂದರೆ ಯಂತ್ರ ಹೋಗುತ್ತದೆ, ಯಂತ್ರ ಬೇಕೆಂದರೆ ಗುರುತು. ಎರಡನ್ನೂ ಇಟ್ಟುಕೊಳ್ಳುವ ಉಪಾಯಕ್ಕಾಗಿ ಗಂಟಿನ ಸುತ್ತ ಬೆರಳಾಡಿಸಿ ನೋಡಿದೆ. ಇರಲಿಲ್ಲ. ರಬ್ಬರಿಗೆ ಗಾಯವಾಗದಂತೆ ಚಾಕು ಮಲಗಿಸಿ ಕೆರೆಯತೊಡಗಿದೆ. ಮಂಜು ಬಂದು, ಉದುರುವ ಕುಂಕುಮಕ್ಕೆ ಕೆಳಗೆ ಬೊಗಸೆ ಹಿಡಿದ.

ಆಮೇಲೆ ಬ್ಲೇಡು ಹಾಕಿ ಚಕ್ರ ತಿರುಗಿಸಿದರೆ ಅದು ನಡುವಿನಲ್ಲಿ ನಿಂತಿತು. ಎಷ್ಟು ತಿರುಗಿಸಿದರೂ ಅಲ್ಲೇ. ಗೈಡು ಕೂರಿಸಿ, ಮುಚ್ಚಳ ಹಾಕಿ, ಕರೆಂಟು ಕೊಟ್ಟೆ. ಮೂಲೆಯಲ್ಲಿದ್ದ ಹಳೆಯ ಹಲಗೆಯೊಂದನ್ನು ಒತ್ತಿದೆ, ಗೆರೆ ಹೊಡೆದ ಹಾಗೆ ನೇರವಾಗಿ ಸೀಳಿಕೊಂಡಿತು. ಮಂಜು ಕುಂಕುಮ ತುಂಬಿದ ಬೊಗಸೆ ಬಿಚ್ಚದೆಯೇ, ಗುಜರಿಯವನಿಗೆ ಬರಬೇಡವೆಂದು ಹೇಳಲು ನನಗೆ ಗದ್ದದಿಂದಲೇ ತನ್ನ ಜೇಬಿನ ಫೋನು ತೋರಿಸಿದ. ಫೋನು ತೆಗೆದುಕೊಂಡು ಹೊರಗೆ ಹೋಗಿ ಹೇಳಿ ಬಂದೆ. ಯಂತ್ರ ಓಡುತ್ತಲೇ ಇತ್ತು. ಅದರ ಸದ್ದಿನಲ್ಲಿ ಯಾರಿಗೂ ಕೇಳಿಸುವುದಿಲ್ಲವೆಂಬ ಧೈರ್ಯದಿಂದ ನಾವಿಬ್ಬರೂ ಜೋರಾಗಿ ಅತ್ತೆವು.