ಗಾಜು ತಾಗಿದ ರಕ್ತ

ಮೊನ್ನೆ ದರ್ಬೆಯ ನಮ್ಮ ಆಸ್ಪತ್ರೆಯಲ್ಲಿ ಲ್ಯಾಬಿನ ಕಪಾಟು ಖಾಲಿ ಮಾಡುವಾಗ, ಪೇಪರು ಸುತ್ತಿಟ್ಟ ಒಂದು ಗಾಜಿನ ಟ್ಯೂಬು ಸಿಕ್ಕಿತು. ಸುತ್ತಿದ ರೀತಿಯಲ್ಲೇ ಗೊತ್ತಾಯಿತು, ಅದು ಕಾಕನ ಕೈ...

ಕಾಕ ನಮ್ಮ ಹಿರಿಯ ಟೆಕ್ನೀಷಿಯನ್. ಡಾಕ್ಟರಿಂದ ಹಿಡಿದು ನೆಲ ಒರೆಸುವವರವರೆಗೆ ಎಲ್ಲರಿಗೂ ಅವರು ಕಾಕನೇ. ಸೋಪಿನ ಅಂಶ ಉಳಿದರೂ ರಕ್ತದ ಪರೀಕ್ಷೆ ತಪ್ಪುತ್ತದೆಂದು, ಸೋಪು ತಾಗದ ಹೊಸ ಗಾಜಿನ ಟ್ಯೂಬುಗಳನ್ನು ಹೀಗೆ ಬೇರೆಯಾಗಿ ಇಡುತ್ತಿದ್ದರು.

ನಾನು ಕೆಲಸಕ್ಕೆ ಸೇರಿ ತಿಂಗಳಾಗಿರಲಿಲ್ಲ. ಒಂದು ಶುಕ್ರವಾರ ಮಧ್ಯಾಹ್ನ ಕಾಕ ನಮಾಜಿಗೆ ಹೋಗಿದ್ದಾಗ, ಸುಳ್ಯ ಕಡೆಯ ಒಬ್ಬ ಹೆಂಗಸನ್ನು ಗಂಡ ಜೀಪಿನಲ್ಲಿ ಕರೆತಂದ. ಹುಲ್ಲು ಕೊಯ್ಯುವಾಗ ಕಾಲಿಗೆ ಏನೋ ಕಚ್ಚಿತ್ತು. ಹಾವನ್ನು ಕಂಡವರಿರಲಿಲ್ಲ, ಬಾವೂ ಹೆಚ್ಚಿರಲಿಲ್ಲ. ರಕ್ತ ಹೆಪ್ಪುಗಟ್ಟುತ್ತದೆಯೇ ನೋಡು ಎಂದರು ಡಾಕ್ಟರು. ಕಟ್ಟದಿದ್ದರೆ ವಿಷದ ಮದ್ದು ಏರಿಸಬೇಕು. ಅದು ಸುಮ್ಮನೆ ಕೊಡುವ ಮದ್ದಲ್ಲ. ಕೆಲವರಿಗೆ ಅದರಿಂದಲೇ ಉಸಿರು ಕಟ್ಟುತ್ತದೆ.

ರಕ್ತ ತೆಗೆದು, ಕೈಗೆ ಸಿಕ್ಕಿದ ಪ್ಲಾಸ್ಟಿಕ್ ಟ್ಯೂಬಿಗೆ ಹಾಕಿದೆ. ಹದಿನೈದು ನಿಮಿಷವಾದ ಮೇಲೆ ಬಂದ ಕಾಕ ಒಮ್ಮೆ ನೋಡಿ ಅದನ್ನು ಬದಿಗಿಟ್ಟರು.

“ಇದೆಂತ ಮಾಡಿದ್ದು ನೀನು? ಪ್ಲಾಸ್ಟಿಕ್ಕಿನಲ್ಲಿ ನಿನ್ನ ರಕ್ತವೂ ಬೇಗ ಕಟ್ಟುದಿಲ್ಲ. ಗಾಜು ತಾಗಿದ್ರೆ ರಕ್ತ ಕಟ್ಟಿಸುವ ಹನ್ನೆರಡನೇ ಫ್ಯಾಕ್ಟರ್ ಏಳುದು. ಅದು ಹನ್ನೊಂದನ್ನು ಎಬ್ಬಿಸ್ತದೆ, ಹನ್ನೊಂದು ಒಂಬತ್ತನ್ನು, ಅದು ಹತ್ತನ್ನು... ಹಾಗೆ ಹೆಪ್ಪಾಗುದು. ಕೈ ಕೊಡು.”

ಒಂದು ಗಾಜಿನ ಟ್ಯೂಬಿನಲ್ಲಿ ಆಕೆಯ ರಕ್ತ, ಹೋಲಿಸಿ ನೋಡಲು ಇನ್ನೊಂದರಲ್ಲಿ ನನ್ನದು. ನನ್ನ ಕೈಯ ಸೂಜಿಗಾಯ ಆಗಲೇ ಒಣಗಿತ್ತು. ಆಕೆಯ ತೋಳಿಗೆ ಗಂಡ ಒತ್ತಿ ಹಿಡಿದ ಹತ್ತಿ ಮಾತ್ರ ಕೆಂಪಾಗುತ್ತಲೇ ಇತ್ತು.

“ಇನ್ನೂ ಎಷ್ಟು ಹೊತ್ತು ಮಾರಾಯ್ರೆ?” ಎಂದ ಗಂಡ.

“ಇಪ್ಪತ್ತು ನಿಮಿಷ ಉಂಟು. ಟ್ಯೂಬು ಅಲುಗಬಾರದು,” ಎಂದರು ಕಾಕ. ಮತ್ತೆ ನನ್ನ ಕಡೆ ತಿರುಗಿ ಮೆಲ್ಲಗೆ, “ಕೊಳಕುಮಂಡಲ ಹಾವಿನ ವಿಷಕ್ಕೆ ಗಾಜು ಬೇಡ. ನೇರ ಹತ್ತನ್ನೇ ಎಬ್ಬಿಸ್ತದೆ, ಐದನ್ನೂ. ಮೈಯೊಳಗೆ ಎಲ್ಲ ಒಟ್ಟಿಗೆ ಎದ್ದು ಮುಗಿದುಹೋಗ್ತದೆ. ಮತ್ತೆ ಕಟ್ಟಲಿಕ್ಕೆ ಎಂತ ಉಳೀತದೆ?”

ಹೊತ್ತಾಯಿತು. ನನ್ನ ಟ್ಯೂಬನ್ನು ಓರೆ ಮಾಡಿದರು. ರಕ್ತ ಗಟ್ಟಿಯಾಗಿ ನಿಂತಿತ್ತು. ಆಕೆಯದನ್ನು ಓರೆ ಮಾಡಿದರು, ನೀರಿನಂತೆ ಹರಿಯಿತು.

“ಇಷ್ಟು ತಡ ಯಾಕೆ?” ಡಾಕ್ಟರು ಕೇಳಿದರು. ಉತ್ತರಿಸಿದ್ದು ಕಾಕ.

“ತಪ್ಪು ನಂದು ಡಾಕ್ಟ್ರೆ. ಮೊದಲಿನ ಟ್ಯೂಬು ಸರಿ ಇರ್ಲಿಲ್ಲ.”

ಮದ್ದು ಏರಿಸಿದರು. ಆರು ಗಂಟೆ ಕಳೆದು ನೋಡಿದಾಗ ರಕ್ತ ಹೆಪ್ಪುಗಟ್ಟಿತ್ತು. ಆಕೆ ಬದುಕಿದಳು, ಆದರೆ ಕಿಡ್ನಿಗೆ ಪೆಟ್ಟು ಬಿದ್ದು ವಾರಗಟ್ಟಲೆ ಮಂಗಳೂರಿನಲ್ಲಿರಬೇಕಾಯಿತು. ನನ್ನ ಹದಿನೈದು ನಿಮಿಷದಿಂದಲೋ, ಅಲ್ಲವೋ... ಯಾರೂ ಹೇಳಲಿಲ್ಲ. ಕಾಕ ಆ ಮಾತನ್ನು ಮತ್ತೆಂದೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಕಳೆದ ವರ್ಷ ಕಡಬದಲ್ಲಿ, ಮಗಳ ಮನೆಯಲ್ಲಿ ಕಾಕ ತೀರಿಕೊಂಡರು. ನನಗೆ ಸುದ್ದಿ ಸಿಗುವಾಗ ದಫನ ಮುಗಿದಿತ್ತು. ಆದರೂ ಹೋದೆ.

“ಅಪ್ಪ ಒಂದು ಸಲ ಟ್ಯೂಬು ತಪ್ಪಿದ್ರಂತೆ ಅಲ್ವಾ? ಆ ಹೆಂಗಸು ಹೇಗಿದ್ದಾರೆ ಅಂತ ಆಗಾಗ ವಿಚಾರಿಸ್ತಿದ್ರು,” ಎಂದಳು ಮಗಳು.

“ತಪ್ಪಿದ್ದು ಅವರಲ್ಲ, ನಾನು,” ಎಂದೆ.

ಆಕೆ ನನ್ನನ್ನೊಮ್ಮೆ ನೋಡಿದಳು. ಮತ್ತೆ ಚಾ ಮಾಡಲು ಒಳಗೆ ಹೋದಳು.

ಈಗ ಹೊಸಬರು ಲ್ಯಾಬಿಗೆ ಸೇರಿದ ದಿನವೇ ಈ ತಪ್ಪನ್ನು ನನ್ನದೆಂದೇ ಹೇಳುತ್ತೇನೆ. ಕಾಕ ಇರುವಾಗ ಹೇಳಲು ಬಾಯಿ ಬರಲಿಲ್ಲ.