ಸುಣ್ಣದಂಥ ಬಿಳುಪು

ಮಕ್ಕಳ ತಪಾಸಣೆ ಕೋಣೆಯ ಆ ದಾದಿಗೆ ಆಸ್ಪತ್ರೆಯಲ್ಲೆಲ್ಲ ‘ಬಿಚ್ಚಮ್ಮ’ ಎಂದೇ ಹೆಸರು. ಯಾವ ಕೂಸು ಬಂದರೂ ಟೋಪಿ, ಕಾಲುಚೀಲ, ಅಂಗಿ ಎಲ್ಲ ಬಿಚ್ಚಿಸಿ, ಕಿಟಕಿಯ ಬೆಳಕಿಗೆ ಮಲಗಿಸಿಯೇ ಅವಳು ನೋಡುವುದು. ನೆತ್ತಿಯ ಮೆತ್ತನೆಯ ಜಾಗವನ್ನು ಬೆರಳಲ್ಲಿ ಸವರುವಳು, ಹೊಟ್ಟೆಯ ಏರಿಳಿತ ನೋಡಿ ಉಸಿರೆಣಿಸುವಳು, ಎದೆಯ ಚರ್ಮ ಒತ್ತಿ ಬಿಟ್ಟು ಹಳದಿಯಿದೆಯೇ ಎಂದು ಹುಡುಕುವಳು. ಕೊನೆಗೆ ತಾಯಿಗೊಂದು ಪ್ರಶ್ನೆ: “ಕಕ್ಕ ಯಾವ ಬಣ್ಣ ಇದೆ?”

ಚೊಚ್ಚಲ ಬಾಣಂತಿಯರು ನಾಚಿ ನಕ್ಕರೆ, “ನಗಬೇಡ್ರಮ್ಮ, ಮಾತು ಬರದ ಕೂಸು ಇನ್ಹೇಗೆ ಹೇಳ್ಬೇಕು?” ಎಂದು ಗದರುವಳು.

ಅಂಥವಳ ಒಬ್ಬಳೇ ಮಗಳು ಹೆಣ್ಣುಮಗು ಹೆತ್ತಳು. ಹಗಲೆಲ್ಲ ತಾಯಿ ಆಸ್ಪತ್ರೆಯಲ್ಲಿರುವುದರಿಂದ ಬಾಣಂತನ ಊರಿನ ಇನ್ನೊಂದು ತುದಿಯ ಅತ್ತೆಮನೆಯಲ್ಲೇ ನಡೆಯಿತು. ಬಿಚ್ಚಮ್ಮ ಕೆಲಸ ಮುಗಿಸಿ ಅಲ್ಲಿಗೆ ಮುಟ್ಟುವಷ್ಟರಲ್ಲಿ ದೀಪ ಹಚ್ಚಿರುತ್ತಿತ್ತು. ಬೆಚ್ಚಗೆ ಸುತ್ತಿಟ್ಟ ಮೊಮ್ಮಗಳನ್ನು ಎತ್ತಿ ಮುದ್ದಾಡಿ, ಎದೆಗೊರಗಿಸಿಕೊಂಡು ಕೂತರೆ ಜಗತ್ತೇ ಬೇಡ. ಕೂಸು ಗುಂಡುಗುಂಡಗಿತ್ತು, ಚೆನ್ನಾಗಿ ಹಾಲು ಕುಡಿಯುತ್ತಿತ್ತು. “ಒಂದ್ಸಲ ನೀವೂ ನೋಡಿಬಿಡಿ ಬೀಗರೇ,” ಎಂದು ಮಗಳ ಅತ್ತೆ ಅಂದಾಗಲೂ, “ಇಲ್ಲಿ ನಾನು ಅಜ್ಜಿ ಅಷ್ಟೇ!” ಎಂದು ನಕ್ಕಿದ್ದಳು.

ಒಂದು ರಜೆಯ ದಿನ ಮಧ್ಯಾಹ್ನವೇ ಹೋದಳು. ಮಗಳು ಕೂಸಿನ ಬಟ್ಟೆ ಬದಲಿಸುತ್ತಿದ್ದಳು. ಬಿಚ್ಚಮ್ಮನ ಕಣ್ಣು ಆ ಬಟ್ಟೆಯ ಮೇಲೆ ಬಿತ್ತು. ಅದರಲ್ಲಿದ್ದದ್ದು ಸುಣ್ಣ ಕಲಸಿಟ್ಟಂತೆ ಬೆಳ್ಳಗಿತ್ತು.

“ಇದು... ಯಾವಾಗಿಂದ ಹೀಗಿದೆ?”

“ಶುರುವಿಂದಾನೂ ಸುಮಾರು ಹೀಗೇ. ಬರೀ ಹಾಲು ಕುಡಿಯುತ್ತಲ್ಲಮ್ಮ, ಬೆಳ್ಳಗಿರ್ದೆ ಇನ್ನೇನು?”

ಬಿಚ್ಚಮ್ಮ ಕೂಸನ್ನು ಕಿಟಕಿಗೆ ಒಯ್ದು ಎದೆಯನ್ನು ಒತ್ತಿ ಬಿಟ್ಟಳು. ಬೆರಳಿದ್ದ ಜಾಗ ಹಳದಿ. ಕಣ್ಣಿನ ಬಿಳಿಯೂ ಹಳದಿ. ಕೂಸನ್ನು ಎದೆಗವಚಿಕೊಂಡು ಗೋಡೆಗೆ ಒರಗಿದಳು.

“ಯಾಕಮ್ಮಾ, ಏನಾಯ್ತು?”

“ಪಿತ್ತ ಕರುಳಿಗೆ ಇಳೀತಿಲ್ಲ ಕಣೇ. ನಡಿ, ಈಗಲೇ.”

ಆ ಬಟ್ಟೆಯನ್ನೂ ಚೀಲದಲ್ಲಿಟ್ಟುಕೊಂಡು ಬಿಚ್ಚಮ್ಮನ ಆಸ್ಪತ್ರೆಗೇ ಹೊರಟರು. ಸದಾ ಅವಳನ್ನು ಕೆಣಕುತ್ತಿದ್ದ ಮಕ್ಕಳ ಡಾಕ್ಟರು ಅಂದು ತಮಾಷೆ ಮಾಡಲಿಲ್ಲ. ಬಟ್ಟೆ ನೋಡಿದರು, ಹೊಟ್ಟೆ ಮುಟ್ಟಿದರು. “ಪಿತ್ತನಾಳ ಮುಚ್ಚಿರೋ ಹಾಗಿದೆ. ಹೌದಾದ್ರೆ ಆಪರೇಷನ್ ಆಗ್ಬೇಕು, ತಡ ಮಾಡೋ ಹಾಗಿಲ್ಲ,” ಎಂದರು.

ಹೊರಗಿನ ಬೆಂಚಿನ ಮೇಲೆ ಮಗಳು ಕೇಳಿದಳು: “ಊರವರ ಮಕ್ಕಳನ್ನೆಲ್ಲ ಬಿಚ್ಚಿ ನೋಡ್ತೀಯಲ್ಲಮ್ಮ. ನನ್ನ ಮಗು ಬಟ್ಟೆ ಯಾಕೆ ಬಿಚ್ಚಲಿಲ್ಲ?”

ಕಪಾಳಕ್ಕೆ ಹೊಡೆದಂತಾಯಿತು. ಬಿಚ್ಚಮ್ಮ ಆ ಬಟ್ಟೆಯನ್ನು ಮಡಚಿ ಮತ್ತೆ ಚೀಲದೊಳಗೆ ತುರುಕಿದಳು.

ಡಾಕ್ಟರರ ಅನುಮಾನ ನಿಜವಾಯಿತು. ದೊಡ್ಡಾಸ್ಪತ್ರೆಯಲ್ಲಿ ಮುಚ್ಚಿದ ನಾಳ ತೆಗೆದು, ಕರುಳಿನ ತುಂಡೊಂದನ್ನು ಯಕೃತ್ತಿಗೇ ಜೋಡಿಸಿ ಪಿತ್ತ ಇಳಿಯಲು ಹೊಸ ದಾರಿ ಮಾಡಿದರು. ಕೆಲವು ದಿನಗಳ ಮೇಲೆ ಬೀಗಿತ್ತಿ ಹಸಿರು ಕಲೆಯ ಬಟ್ಟೆಯೊಂದನ್ನು ಬಾವುಟದಂತೆ ಎತ್ತಿ ಹಿಡಿದು “ಪಿತ್ತ ಇಳೀತು!” ಎಂದು ವಾರ್ಡಿಗೆಲ್ಲ ಕೇಳುವಂತೆ ಕೂಗಿದಾಗ, ಮಗಳು ಅಷ್ಟು ದಿನ ಅಮ್ಮನ ಜೊತೆ ಮಾತು ಬಿಟ್ಟಿದ್ದನ್ನು ಮರೆತು ಅವಳ ಹೆಗಲಿಗೆ ಬಿದ್ದು ಅತ್ತಳು.

ಕೂಸೀಗ ಗೋಡೆ ಹಿಡಿದು ನಡೆಯುತ್ತದೆ. ಮುಂದೆ ಬೇರೆ ಯಕೃತ್ತು ಬೇಕಾದೀತೋ ಇಲ್ಲವೋ, ಡಾಕ್ಟರೂ ಹೇಳಲಾರರು. ತಪಾಸಣೆಯ ದಿನ ಬಿಚ್ಚಮ್ಮ ರಜೆ ಹಾಕಿ ಮಗಳ ಜೊತೆ ಹೋಗುತ್ತಾಳೆ. ರಕ್ತ ತೆಗೆಯುವುದನ್ನು ಮಾತ್ರ ಅವಳಿಂದ ನೋಡಲಾಗದು; ಆಗ ಕೂಸನ್ನು ಹಿಡಿದುಕೊಳ್ಳುವುದು ಮಗಳೇ.