ಕಣದಾಚೆಯ ದಂಡಿನ ಗುಡ್ಡೆ

೧೯೪೧ನೇ ಇಸವಿ. ಆಗ ನಾನು ಮಳವಳ್ಳಿಯ ಮುಸಾಫಿರ್ ಬಂಗಲೆಯಲ್ಲಿ ಮೇಟಿಯಾಗಿದ್ದೆ. ಮೇಟಿ ಎಂದರೆ ಬಂಗಲೆ ನೋಡಿಕೊಳ್ಳುವವನು. ಬಂದವರಿಗೆ ನೀರು ಕಾಯಿಸುವುದು, ಹಾಸಿಗೆ ಹಾಸುವುದು, ಸುತ್ತಮುತ್ತ ತೋರಿಸುವುದು ನನ್ನ ಕೆಲಸ. ಓದಿದ್ದು ಕೂಲಿಮಠದಲ್ಲಿ ಎರಡೇ ವರ್ಷ. ಅಂಥವನು ಈಗ ಬರೆಯಲು ಕುಳಿತಿದ್ದಕ್ಕೆ ನನ್ನ ಮೊಮ್ಮಗಳೇ ಕಾರಣ. ಮೊನ್ನೆ ಅವಳು ಶಾಲೆಯವರ ಜೊತೆ ಯುದ್ಧದ ಬಯಲು ನೋಡಿ ಬಂದವಳೇ, "ತಾತ, ಅಲ್ಲಿ ನಿನ್ ಎಸ್ರು ಏಳುದ್ರು ಕಣ್ ತಾತ!" ಎಂದು ಕುತ್ತಿಗೆಗೆ ಜೋತುಬಿದ್ದಳು. ನಾನು ಹಿಗ್ಗಿ ಹೀರೇಕಾಯಿಯಾದೆ. ಚಿನ್ನದಂಥ ಕೂಸು! ಕೇಳಿದ್ದನ್ನು ಕೇಳಿದ ಹಾಗೇ ಒಪ್ಪಿಸುತ್ತಾಳೆ. ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

೧೭೯೯ರ ಮಾರ್ಚ್ ಇಪ್ಪತ್ತೇಳರಂದು ನಮ್ಮೂರ ಬಯಲಲ್ಲಿ ಸುಲ್ತಾನರ ಸೈನ್ಯಕ್ಕೂ ಇಂಗ್ಲಿಷರ ಸೈನ್ಯಕ್ಕೂ ಯುದ್ಧವಾಯಿತು. ಪ್ರತಿ ವರ್ಷ ಅದೇ ದಿನ ನಮ್ಮ ಶಾಲೆಯ ಹೆಡ್‌ಮೇಷ್ಟ್ರು ಆಸಕ್ತರನ್ನು ಕೂಡಿಸಿಕೊಂಡು ಬಂಗಲೆಯಿಂದ ಹೊರಡುತ್ತಿದ್ದರು. ದಾರಿ ತೋರಿಸುವವನು ನಾನು, ನಿಂತಲ್ಲಿ ಭಾಷಣ ಮಾಡುವವರು ಅವರು. ಕೊನೆಯ ನಿಲುಗಡೆ ದಂಡಿನ ಗುಡ್ಡೆ. ಸತ್ತ ಸಿಪಾಯಿಗಳನ್ನು ಮಣ್ಣು ಮಾಡಿದ ಜಾಗ ಎಂದು ನಮ್ಮ ಕಡೆಯ ನಂಬಿಕೆ.

ಆ ವರ್ಷ ಮೈಸೂರಿನಿಂದ ನಿವೃತ್ತ ಸುಬೇದಾರರೊಬ್ಬರು ಹಿಂದಿನ ದಿನವೇ ಬಂದು ಬಂಗಲೆಯಲ್ಲಿ ಇಳಿದಿದ್ದರು. ಅವರ ಮುತ್ತಾತ ಸುಲ್ತಾನರ ಕಡೆ ಕಾದಾಡಿ ಅಲ್ಲೇ ಬಿದ್ದವರು. ಮನೆಯವರು ಯಾರೂ ಬಂದು ಒಂದು ಹಿಡಿ ಮಣ್ಣು ಹಾಕಿರಲಿಲ್ಲ. ಸಾಯುವುದರೊಳಗೆ ಆ ಗುಡ್ಡೆ ಮುಟ್ಟಬೇಕೆಂಬುದೊಂದೇ ಅವರ ಆಸೆ. ಬೆಳಿಗ್ಗೆ ಬಿಸಿನೀರು ಕೊಡಲು ಹೋದಾಗ ನೋಡಿದೆ, ಬಲಗಾಲು ಮೊಣಕಾಲಿನಿಂದ ಕೆಳಗೆ ಮರದ್ದು. ಹಿಂದಿನ ಮಹಾಯುದ್ಧದಲ್ಲಿ ಹೋಗಿತ್ತಂತೆ. ಆ ಮರಕ್ಕೇ ಬೂಟು ಸೇರಿಸಿ ಮೊಳೆ ಹೊಡೆದಿದ್ದರು. "ಯಾರ ಮುಂದೆಯೂ ಎತ್ತಬೇಡಪ್ಪ. ಅಯ್ಯೋ ಪಾಪ ಅನ್ನಿಸಿಕೊಳ್ಳೋಕೆ ನಾನು ಬಂದಿಲ್ಲ," ಎಂದರು. ನಾನು ಆಗಲಿ ಎಂದೆ.

ಕೋಲೂರಿಕೊಂಡು ಆ ಮನುಷ್ಯ ಬಿಸಿಲಲ್ಲಿ ನಡೆದದ್ದು ನೋಡಬೇಕಿತ್ತು! ಒಂದು ಕಡೆಯೂ ಕೂರಲಿಲ್ಲ. ಕೊನೆಗೆ ನಮ್ಮೂರ ಒಕ್ಕಲು ಹೆಂಗಸು ಕೆಂಪಮ್ಮನ ಹೊಲಕ್ಕೆ ಬಂದೆವು. ಗುಡ್ಡೆ ಇರುವುದು ಆ ಹೊಲದ ಆಚೆ ತುದಿಯಲ್ಲಿ. ಬೇರೆ ವರ್ಷಗಳಲ್ಲಿ ಅಷ್ಟು ಹೊತ್ತಿಗೆ ಒಕ್ಕಣೆ ಮುಗಿದು ಹೊಲ ಬರಿದಾಗಿರುತ್ತಿತ್ತು. ಆ ಸಲ ತಡವಾಗಿ, ದಾರಿಗೆ ಅಡ್ಡಲಾಗಿ ಸಾರಿಸಿದ ಕಣ, ನಡುವೆ ರಾಗಿ ರಾಶಿ. ಎಡಕ್ಕೆ ಕತ್ತಾಳೆ ಬೇಲಿ, ಬಲಕ್ಕೆ ಕಡಿದಾದ ಹಳ್ಳ. ಕಣ ದಾಟದೆ ಗುಡ್ಡೆಗೆ ಹೋಗುವಂತಿಲ್ಲ. ರಾಶಿ ಇರುವ ಕಣವನ್ನು ಮೆಟ್ಟು ಹಾಕಿಕೊಂಡು ತುಳಿಯುವುದು ನಮ್ಮಲ್ಲಿ ಕೂಡದು. ಎಲ್ಲರೂ ಚಪ್ಪಲಿ ಬಿಟ್ಟರು. ಸುಬೇದಾರರು ಮಾತ್ರ ಹಾಗೇ ನಿಂತರು.

ಕೆಂಪಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಎದುರಿಗೆ ಬಂದಳು. "ಬೂಟ್ ಬುಚ್ಚಿ ಸ್ವಾಮಿ. ಇದು ಕಣ, ಕಚೇರಿಯಲ್ಲ."

ಅವರು ಕೋಲನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದರು, ಅಷ್ಟೆ.

"ಚಿಕ್ಕಣ್ಣ, ನೀನಾರ ಏಳ್ಲಾ! ಕಲ್ಲ್ ನಿಂತಂಗ್ ನಿಂತವ್ರಲ್ಲ!" ಎಂದು ನನ್ನ ಮೇಲೆ ಹಾರಿದಳು.

ಮಾತು ಕೊಟ್ಟಿದ್ದೆನಲ್ಲ, ನನ್ನ ಬಾಯಿ ಕಟ್ಟಿಹೋಯಿತು. ಹಿಂದಿನಿಂದ ಯಾರೋ, "ಮಿಲ್ಟ್ರಿ ಜಂಬ ಕಣಯ್ಯ," ಎಂದರು. ಸುಬೇದಾರರ ಮುಖ ಕೆಂಪಾಯಿತು. ವಾಪಸು ಹೋಗಲು ತಿರುಗಿ ಎರಡು ಹೆಜ್ಜೆಯನ್ನೂ ಇಟ್ಟರು. ಆಮೇಲೆ ಗುಡ್ಡೆಯ ಕಡೆಗೊಮ್ಮೆ ನೋಡಿ, ನಿಂತು, ಬಗ್ಗಿ ಷರಾಯಿ ಮೇಲಕ್ಕೆತ್ತಿದರು.

"ತಾಯಿ, ಇದನ್ನ ಬಿಚ್ಚಿದರೆ ಕಾಲೂ ಜೊತೆಗೇ ಬರುತ್ತೆ."

 ಕೆಂಪಮ್ಮ ಆ ಮರದ ಕಾಲನ್ನು ನೋಡಿದಳು, ಪಕ್ಕದಲ್ಲಿ ಕಟ್ಟಿದ್ದ ತನ್ನ ಎತ್ತುಗಳನ್ನು ನೋಡಿದಳು. "ನನ್ನೆತ್ತಿನ ಕಾಲ್ಗೂ ಲಾಳ ಒಡ್ಸಿವ್ನಿ. ಅವೇನ್ ಲಾಳ ಕಿತ್ತಿಟ್ಬುಟ್ಟು ಕಣಕ್ ಬತ್ತವಾ? ಗೊರಸು ತೊಳ್ದು ಇಳುಸ್ತೀನಿ, ಅಷ್ಟೆಯ." ಬಿಂದಿಗೆ ತಂದು, ಅವರು ಬೇಡ ಬೇಡ ಎನ್ನುತ್ತಿದ್ದಂತೆಯೇ ಆ ಬೂಟನ್ನು ತೊಳೆದು ಸೆರಗಿನಿಂದ ಒರೆಸಿದಳು. ತೊಳೆದು ಎದ್ದವಳೇ, "ಆ ಇನ್ನೊಂದ್ ಕಾಲಿಗೇನ್ ಬಂದದೆ ರೋಗ? ಅದುನ್ನ ಬುಚ್ಚಿ!" ಎಂದಳು. ಸುಬೇದಾರರೇ ಮೊದಲು ನಕ್ಕರು, ಆಮೇಲೆ ಉಳಿದವರೆಲ್ಲ. ಎಂಥ ಹೆಂಗಸು ಸ್ವಾಮಿ ಅವಳು! ಅವರಿಗೆ ಅಯ್ಯೋ ಪಾಪ ಎನ್ನಲಿಲ್ಲ, ಕಣದ ನೇಮವನ್ನೂ ಬಿಡಲಿಲ್ಲ.

ಗುಡ್ಡೆಯ ಹತ್ತಿರ ಮೇಷ್ಟ್ರು ಭಾಷಣಕ್ಕೆ ಗಂಟಲು ಸರಿಮಾಡಿಕೊಂಡರು. ಅಷ್ಟರಲ್ಲಿ ಕೆಂಪಮ್ಮ ಮೊರದಲ್ಲಿ ರಾಗಿ ತುಂಬಿಕೊಂಡು ಬಂದಳು. ಕಣ ದಾಟುವಾಗ ಸುಬೇದಾರರ ಮುತ್ತಾತನ ವಿಷಯ ಅವಳಿಗೆ ಹೇಳಿದ್ದೆ. "ನಮ್ಮತ್ತೆಯೋರತ್ತೆ ಕಾಲ್ದಿಂದ್ಲೂ ಮೊದಲ್ನೇ ಮೊರ ಇಲ್ಲಿ ಮಣ್ಣಾಗಿರೋ ಇವ್ರಿಗೇಯ. ಯಾರ ಮಕ್ಳೋ ಏನೋ, ಕೇಳೋರಿಲ್ಲ ಅಂತ ನಾವೇ ಆಕ್ತಿದ್ದೊ. ಇವತ್ತು ಮನೆಯೋರೇ ಬಂದವ್ರೆ. ತಕಳಿ, ನೀವೇ ಆಕಿ."

ಸುಬೇದಾರರು ಮೊರ ಇಸಿದುಕೊಂಡು ಗುಡ್ಡೆಯ ಸುತ್ತ ಬರಿಗಾಲೊಂದು, ಬೂಟೊಂದು ಊರುತ್ತಾ ರಾಗಿ ಚೆಲ್ಲಿದರು. ಮೇಷ್ಟ್ರು ತಮ್ಮ ಭಾಷಣದ ಕಾಗದ ಮಡಿಚಿ ಜೇಬಿಗಿಟ್ಟುಕೊಂಡು ಅವರ ಹಿಂದೆ ಕೈಮುಗಿದು ನಿಂತರು.

ನಾನು ಎಷ್ಟೋ ಜನಕ್ಕೆ ಆ ಬಯಲು ತೋರಿಸಿದ್ದೇನೆ. ಫಿರಂಗಿ ಎಲ್ಲಿತ್ತು, ಕುದುರೆ ಎಲ್ಲಿಂದ ನುಗ್ಗಿತು, ಎಲ್ಲ ಹೇಳಿದ್ದೇನೆ. ಆದರೆ ಸತ್ತವರ ಜಾಗ ತೋರಿಸುವವನು ಅವರಿಗೆ ಇಷ್ಟು ಕಾಲ ಉಣ್ಣಿಸಿದವರು ಯಾರೆಂದು ಮೊದಲು ವಿಚಾರಿಸಬೇಕು. ನನ್ನ ಕೆಲಸ ನನಗೆ ಕಲಿಸಿದ್ದು ಅದನ್ನೇ.